ಗುಡಿಗೆ ಗೋಡೆಯೋ, ನೀರಿಗೆ ಕೋಡಿಯೋ

ಕೋಲಾರದ ಹತ್ತಿರ ನಮ್ಮೂರ ಕೆರೆ ಕೋಡಿಯ ಪಕ್ಕದಲ್ಲಿ ಒಂದು ಗಂಗಮ್ಮನ ಗುಡಿ ಇದೆ. ಒಂದು ಗರ್ಭಗುಡಿ, ಮುಂದೆ ನಾಲ್ಕು ಕಂಬದ ಮಂಟಪ, ಅಷ್ಟೇ. 2021ರ ನವೆಂಬರ್ ಮಳೆಗೆ ಕೆರೆ ತುಂಬಿ ಕೋಡಿ ಬಿತ್ತು. ನನ್ನ ವಯಸ್ಸಿನವರು ಅದನ್ನು ಕಂಡದ್ದು ಅದೇ ಮೊದಲು. ಊರೆಲ್ಲ ಹೋಗಿ ಬಾಗಿನ ಬಿಟ್ಟೆವು, ಸೆಲ್ಫಿ ತೆಗೆದುಕೊಂಡೆವು. ಮಾರನೇ ದಿನ ನೋಡಿದರೆ ಗಂಗಮ್ಮನ ಮಂಡಿಯವರೆಗೆ ನೀರು. ಕೋಡಿ ಕಾಲುವೆ ಇದ್ದ ಜಾಗದಲ್ಲಿ ಯಾರೋ ಟೊಮೆಟೊ ಹಾಕಿದ್ದರು. ಹೋಗಲು ದಾರಿ ಸಿಗದ ನೀರು ಗುಡಿಗೆ ನುಗ್ಗಿತ್ತು.

ಗುಡಿ ಕಮಿಟಿ ಸೇರಿತು. ಚಂದಾ ಎತ್ತಿ ಸುತ್ತಲೂ ಮೂರಡಿ ಎತ್ತರಕ್ಕೆ ಸೈಜುಗಲ್ಲಿನ ಗೋಡೆ ಕಟ್ಟಿಸಿದೆವು. ಒಳಗೂ ಹೊರಗೂ ಸಿಮೆಂಟ್ ಮೆತ್ತಿಸಿದೆವು. ಮರುವರ್ಷ ಮತ್ತೆ ಜೋರು ಮಳೆ. ಈ ಸಲ ನೀರು ಗೋಡೆ ದಾಟಲಿಲ್ಲ, ನೆಲದಿಂದ ಒಸರಿತು. ಮೇಲಿಂದ ಬಿದ್ದ ಮಳೆಯೂ ಜೊತೆಗೆ ಸೇರಿಕೊಂಡಿತು. ಗೋಡೆ ಇದ್ದುದರಿಂದ ಒಳಗೆ ಬಂದದ್ದು ಹೊರಗೆ ಹೋಗಲಿಲ್ಲ. ಎರಡು ದಿನ ಮೋಟಾರ್ ಇಟ್ಟು ಎತ್ತಿದೆವು. ಹಿಂದೆ ಕೆರೆಯ ನೀರು ಹಂಚುತ್ತಿದ್ದ ನೀರುಗಂಟಿ ತಾತ ಏರಿ ಮೇಲೆ ಕೂತು ನೋಡುತ್ತಿದ್ದರು. ಕೊನೆಗೆ ಒಂದೇ ಮಾತು ಹೇಳಿದರು: "ನೀರಿಗೆ ದಾರಿ ಬಿಡದೆ ಗೋಡೆ ಕಟ್ಟಿದ್ರೆ ಅದು ಗುಡಿಯಲ್ಲಪ್ಪಾ, ತೊಟ್ಟಿ."

ಆ ಮಾತು ನನಗೆ ಮತ್ತೆ ನೆನಪಾದದ್ದು ಮಂಗಳೂರಿನ ಪಕ್ಕದ ಉಳ್ಳಾಲದಲ್ಲಿ, ಸೋಮೇಶ್ವರ ದೇವಸ್ಥಾನದ ಮುಂದೆ ನಿಂತಾಗ. ನಮ್ಮ ಕೋಲಾರ ಪೇಟೆಯಲ್ಲೂ ಒಬ್ಬ ಸೋಮೇಶ್ವರನಿದ್ದಾನೆ. ವಿಜಯನಗರ ಕಾಲದ ಗುಡಿ, ಕೆತ್ತನೆಯ ಕಲ್ಯಾಣ ಮಂಟಪ. ಅವನ ಕಷ್ಟವೆಲ್ಲ ಧೂಳು ಮತ್ತು ಗಾಡಿಗಳ ಗಲಾಟೆ. ಉಳ್ಳಾಲದವನ ಕಷ್ಟ ಬೇರೆ. ಅವನಿರುವುದು ರುದ್ರಪಾದೆ ಎನ್ನುವ ಬಂಡೆಯ ಬಳಿ, ಕಾಲ ಕೆಳಗೇ ಅರಬ್ಬಿ ಸಮುದ್ರ. ಬಂಡೆ ಗಟ್ಟಿಯಾಗಿದೆ. ಪಕ್ಕದ ಮರಳ ದಂಡೆಗೆ ಆ ಭಾಗ್ಯವಿಲ್ಲ. ಅದೇ ದಂಡೆಯ ಮೇಲೆ ತೆಂಗಿನ ತೋಟಗಳಿವೆ, ಮನೆಗಳಿವೆ, ಭಜನಾ ಮಂದಿರಗಳಿವೆ, ದೈವದ ಕಟ್ಟೆಗಳಿವೆ, ಮಸೀದಿಗಳಿವೆ. ಹೆಸರುವಾಸಿ ದೇವಸ್ಥಾನಕ್ಕೆ ಬಂಡೆ ಸಿಕ್ಕಿದೆ. ಸಣ್ಣವಕ್ಕೆ ಸಿಕ್ಕಿರುವುದು ಮರಳು.

ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಒಳಗಾಗಿದೆ ಎಂದು ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಲೆಕ್ಕ ಹಾಕಿದೆ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ಹೇಳಿದ ಮಾತು ಇದು. ಕರ್ನಾಟಕದಲ್ಲಿ ಅದು ಸುಮಾರು ಕಾಲು ಭಾಗ. ಇನ್ನು ಸಮುದ್ರದ ಮಟ್ಟ. ಪ್ರಪಂಚದ ಸರಾಸರಿ ನೋಡಿದರೆ 1901ರಿಂದ 2018ರೊಳಗೆ ಸುಮಾರು 20 ಸೆಂಟಿಮೀಟರ್ ಏರಿದೆ. 2006ರಿಂದ 2018ರವರೆಗೆ ವರ್ಷಕ್ಕೆ 3.7 ಮಿಲಿಮೀಟರ್‌ನಂತೆ ಏರಿದೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ದಂಡೆ ಚಪ್ಪಟೆ ಇರುವ ಕಡೆ ನೀರು ಒಂದು ಗೇಣು ಏರಿದರೆ ಒಳಗೆ ಬರುವುದು ಹತ್ತಾರು ಮಾರು.

ಇಲ್ಲಿ ಎರಡು ರೋಗಗಳಿವೆ. ಸುದ್ದಿಯಲ್ಲಿ ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಒಂದು ಕಡಲ್ಕೊರೆತ. ಅದರಲ್ಲಿ ಕಟ್ಟಡದ ಕೆಳಗಿನ ನೆಲವೇ ಹೋಗುತ್ತದೆ, ಒಮ್ಮೆ ಹೋದರೆ ಮುಗಿಯಿತು. ಇನ್ನೊಂದು ಉಬ್ಬರದ ನೆರೆ. ನೀರು ಬರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ನೆಲ ಅಲ್ಲೇ ಇರುತ್ತದೆ, ಹಾಳಾಗುವುದು ಗೋಡೆ. ಮೊದಲನೆಯದಕ್ಕೆ ಬೇಕಾದ್ದು ಮರಳು, ಇಲ್ಲವೇ ಬೇರೆ ಜಾಗ. ಎರಡನೆಯದಕ್ಕೆ ಬೇಕಾದ್ದು ನೀರು ಬಂದು ಹೋಗಲು ದಾರಿ ಮತ್ತು ಉಸಿರಾಡುವ ಗೋಡೆ. ಮಂಗಳೂರಿನ ಕಡೆ ಉಬ್ಬರ-ಇಳಿತದ ಅಂತರ ಒಂದು ಒಂದೂವರೆ ಮೀಟರ್ ಮಾತ್ರ. ಅಲ್ಲಿ ಜಾಸ್ತಿ ಪೆಟ್ಟು ಕೊಡುವುದು ಮಳೆಗಾಲದ ಅಲೆ, ಅಂದರೆ ಕೊರೆತ.

ಕೊರೆತ ಅರ್ಥವಾಗಬೇಕಾದರೆ ದಂಡೆಯನ್ನು ಮರಳಿನ ಲೇವಾದೇವಿ ಎಂದುಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ದೊಡ್ಡ ಅಲೆಗಳು ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ಆಳದಲ್ಲಿ ಇಡುತ್ತವೆ. ಮಳೆ ಕಳೆದ ಮೇಲೆ ಸಣ್ಣ ಅಲೆಗಳು ನಿಧಾನಕ್ಕೆ ತಂದು ವಾಪಸ್ ಹಾಕುತ್ತವೆ. ಈ ವ್ಯವಹಾರದ ಅಸಲು ನದಿಗಳು ಘಟ್ಟದಿಂದ ಹೊತ್ತು ತರುವ ಮರಳು. ಅಸಲು ಕಡಿಮೆಯಾದರೆ ಅಥವಾ ನಡುವೆ ಯಾರಾದರೂ ಅಡ್ಡ ನಿಂತರೆ ಲೆಕ್ಕ ತಪ್ಪುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಬಾಗಿಲಿನಲ್ಲಿ, ಮೀನುದೋಣಿಗಳ ಅನುಕೂಲಕ್ಕೆಂದು, 1990ರ ದಶಕದಲ್ಲಿ ಎರಡು ಕಡೆ ಕಲ್ಲಿನ ಗೋಡೆಗಳನ್ನು ಕಡಲೊಳಕ್ಕೆ ಚಾಚಿದರು. ದೋಣಿಗಳಿಗೆ ಅನುಕೂಲವಾಯಿತು. ಮರಳಿನ ಓಡಾಟ ಏರುಪೇರಾಗಿ ಉಳ್ಳಾಲದ ದಂಡೆ ಸವೆಯಿತು.

ಆಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ದೊಡ್ಡ ಯೋಜನೆ ಬಂತು. ಕಡಲೊಳಗೆ ಮುಳುಗಿದ ದಿಬ್ಬಗಳನ್ನು ಮಾಡಿ ಅಲೆಯ ಜೋರು ಮುಂಚೆಯೇ ಮುರಿಯುವ ಕೆಲಸ ಅದು. ಯೋಚನೆ ಒಳ್ಳೆಯದೇ. ಆದರೆ ಈಗ ಕೊರೆತದ ಸುದ್ದಿ ಹೆಚ್ಚಾಗಿ ಬರುವುದು ಇನ್ನೂ ದಕ್ಷಿಣದಿಂದ, ಉಚ್ಚಿಲ ಮತ್ತು ಬಟ್ಟಪ್ಪಾಡಿ ಕಡೆಯಿಂದ. ಕಡಲಿಗೆ ಕಟ್ಟುವ ತಡೆಗೋಡೆಯ ಗುಣವೇ ಹಾಗೆ. ನೇರ ಗೋಡೆಗೆ ಬಡಿದ ಅಲೆ ವಾಪಸ್ ಹೋಗುವಾಗ ಗೋಡೆಯ ಬುಡದ ಮರಳನ್ನು ಕೆದಕಿಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಕಡೆ ಇನ್ನೂ ಜೋರಾಗಿ ತಿನ್ನುತ್ತದೆ. ಅಂದರೆ ಒಂದು ಗುಡಿ ಉಳಿಸಲು ಹಾಕಿದ ಕಲ್ಲು ಪಕ್ಕದ ಮನೆಯ ನೆಲ ತೆಗೆಯಬಹುದು. ದೇವರ ಹೆಸರಿನಲ್ಲಿ ಕಲ್ಲು ಹಾಕುವಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದವನು ಧರ್ಮದ್ರೋಹಿ ಆಗಿಬಿಡುತ್ತಾನೆ, ಅಲ್ವಾ?

ಪುದುಚೇರಿಯದ್ದು ಇದೇ ಕಥೆ. 1980ರ ದಶಕದ ಕೊನೆಗೆ ಬಂದರಿನ ಗೋಡೆ ಬಂತು, ಊರಿನ ಮುಂದಿನ ಮರಳು ಹೋಯಿತು. ವರ್ಷಗಟ್ಟಲೆ ಕರಿಕಲ್ಲಿನ ರಾಶಿಯೇ ಅಲ್ಲಿನ ಬೀಚ್ ಆಗಿತ್ತು. ಇತ್ತೀಚೆಗೆ ನೀರೊಳಗೆ ದಿಬ್ಬ ಕಟ್ಟಿ, ಮರಳು ಹಾಕಿದ ಮೇಲೆ ಒಂದಿಷ್ಟು ದಂಡೆ ಮರಳಿ ಬಂದಿದೆ.

ಎರಡನೇ ರೋಗಕ್ಕೆ ಬರೋಣ. ಇದರಲ್ಲಿ ನಿಜವಾದ ಕಳ್ಳ ನೀರಲ್ಲ, ಉಪ್ಪು. ನಮ್ಮ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೌಳು ನೆಲ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬೆಳ್ಳಗೆ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದಲ್ಲ, ಅದೇ. ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಗಾರೆ ಉದುರುವುದೂ ಅದರಿಂದಲೇ. ಕಡಲ ತಡಿಯ ಕಟ್ಟಡಕ್ಕೆ ಈ ಚೌಳು ಕೆಳಗಿನಿಂದ ನೀರಲ್ಲಿ ಕರಗಿ ಬರುತ್ತದೆ, ಮೇಲಿನಿಂದ ಗಾಳಿಯಲ್ಲಿ ತುಂತುರಾಗಿ ಬರುತ್ತದೆ. ಉಪ್ಪು ನೀರು ಕಲ್ಲಿನ ಕಣ್ಣಿಗೆ ಕಾಣದ ರಂಧ್ರಗಳಿಗೆ ಇಳಿಯುತ್ತದೆ. ಗಾಳಿಯ ತೇವ ಶೇಕಡ 75ಕ್ಕಿಂತ ಕಡಿಮೆಯಾದರೆ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಅದಕ್ಕಿಂತ ಏರಿದರೆ ಮತ್ತೆ ಕರಗುತ್ತದೆ. ಕರಾವಳಿಯಲ್ಲಿ ಇದು ಒಂದೇ ದಿನದಲ್ಲಿ ಆಗಬಹುದು, ಮಧ್ಯಾಹ್ನ ಹರಳು, ರಾತ್ರಿ ನೀರು. ಪ್ರತಿ ಸಲ ಹರಳು ಬೆಳೆದಾಗ ರಂಧ್ರದ ಗೋಡೆಯನ್ನು ಒಳಗಿನಿಂದ ತಳ್ಳುತ್ತದೆ. ವರ್ಷಗಳು ಕಳೆದಂತೆ ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಕರಾವಳಿಯ ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆಯಲ್ಲಿ, ರಂಧ್ರ ಜಾಸ್ತಿ. ನಮ್ಮ ಕಡೆಯ ಕರಿಕಲ್ಲಿನಲ್ಲಿ ಕಡಿಮೆ. ಆದರೂ ಅದಕ್ಕೆ ಬಿಡುಗಡೆಯಿಲ್ಲ.

ಮಹಾಬಲಿಪುರದ ಕಡಲ ತಡಿಯ ಗುಡಿ ನೋಡಿದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಪಲ್ಲವ ರಾಜಸಿಂಹನ ಕಾಲದ್ದು, 8ನೇ ಶತಮಾನದ ಆರಂಭದ್ದು. ಗಟ್ಟಿ ಕಲ್ಲಿನಲ್ಲೇ ಕಟ್ಟಿದ್ದಾರೆ. ಆದರೂ ಕಡಲಿಗೆ ಮುಖ ಮಾಡಿದ ಶಿಲ್ಪಗಳ ಮೂಗು, ಕಣ್ಣು ಸವೆದು ಮುಖವೇ ಮಾಸಿಹೋಗಿದೆ. ಕೇಂದ್ರ ಪುರಾತತ್ವ ಇಲಾಖೆ ಅಲ್ಲಿ ಮೂರು ಕೆಲಸ ಮಾಡಿದೆ. ಅಲೆಗೆ ಅಡ್ಡವಾಗಿ ಬಂಡೆಗಳ ಸಾಲು ಹಾಕಿದೆ. ಉಪ್ಪುಗಾಳಿ ಮತ್ತು ಹಾರುವ ಮರಳಿಗೆ ಅಡ್ಡವಾಗಿ ಸರ್ವೆ ಮರ ಬೆಳೆಸಿದೆ. ಮೂರನೆಯದು ನನಗೆ ಬಹಳ ಇಷ್ಟ. ಕಾಗದವನ್ನು ನೆನೆಸಿ, ಅರೆದು, ಆ ಹಿಟ್ಟನ್ನು ಗೋಡೆಗೆ ಮೆತ್ತುತ್ತಾರೆ. ಒಣಗುತ್ತಾ ಒಣಗುತ್ತಾ ಅದು ಕಲ್ಲಿನೊಳಗಿನ ಉಪ್ಪನ್ನು ಹೀರಿಕೊಳ್ಳುತ್ತದೆ. ಆಮೇಲೆ ಕಿತ್ತು ಬಿಸಾಡುತ್ತಾರೆ. ಬಾವು ಬಂದ ಕಾಲಿಗೆ ಅಜ್ಜಿ ಪಟ್ಟು ಹಾಕಿದ ಹಾಗೆ. ಒಂದು ಸಲ ಮಾಡಿದರೆ ಸಾಲದು, ಮಾಡುತ್ತಲೇ ಇರಬೇಕು.

ಇಲ್ಲೇ ನಮ್ಮ ಜೀರ್ಣೋದ್ಧಾರ ಕಮಿಟಿಗಳ ಬಗ್ಗೆ ಒಂದು ಮಾತು. ಕರಾವಳಿಯಾಗಲಿ ಕೋಲಾರವಾಗಲಿ, ದುಡ್ಡು ಬಂದ ತಕ್ಷಣ ನಾವು ಮಾಡುವ ಕೆಲಸ ಒಂದೇ: ಹಳೆಯ ಗಾರೆ ಕೆರೆದು ಸಿಮೆಂಟ್ ಮೆತ್ತುವುದು, ನೆಲಕ್ಕೆ ಟೈಲ್ಸ್, ಕಲ್ಲಿಗೆ ಎಣ್ಣೆ ಬಣ್ಣ. ಸುಣ್ಣದ ಗಾರೆಗೆ ಉಸಿರಿದೆ. ಗೋಡೆಯೊಳಗಿನ ತೇವ ಅದರ ಮೂಲಕ ಹೊರಗೆ ಹೋಗುತ್ತದೆ, ಉಪ್ಪು ಗಾರೆಯಲ್ಲೇ ಹರಳುಗಟ್ಟಿ ಗಾರೆ ಉದುರುತ್ತದೆ. ಉದುರಿದ ಗಾರೆ ಮತ್ತೆ ಬಳಿದರಾಯಿತು, ಕಲ್ಲು ಉಳಿಯಿತು. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಮೇಲೇರುತ್ತದೆ, ಉಪ್ಪು ಕಲ್ಲನ್ನೇ ತಿನ್ನುತ್ತದೆ. ಹೊರಗೆ ನೋಡಿದರೆ ಗೋಡೆ ಲಕಲಕ. ಒಳಗೆ ಕೊಳೆತಿರುತ್ತದೆ. ನಮ್ಮ ಗಂಗಮ್ಮನ ಗುಡಿಗೂ ನಾವು ಮಾಡಿದ್ದು ಇದನ್ನೇ. ದುಡ್ಡು ಕೊಟ್ಟು.

ನೀರನ್ನು ಒಳಗೆ ಬಿಟ್ಟುಕೊಂಡೇ ಬದುಕಿದ ಕಟ್ಟಡ ನೋಡಬೇಕೆಂದರೆ ಜಪಾನಿನ ಇತ್ಸುಕುಶಿಮಾ ದೇವಾಲಯವಿದೆ. ಹಿರೋಶಿಮಾ ಹತ್ತಿರದ ಮಿಯಾಜಿಮಾ ದ್ವೀಪದಲ್ಲಿ, ಉಬ್ಬರ ಬಂದು ಹೋಗುವ ಕೆಸರು ನೆಲದ ಮೇಲೇ ಅದನ್ನು ಕಟ್ಟಿದ್ದಾರೆ. 12ನೇ ಶತಮಾನದಲ್ಲಿ ಅದಕ್ಕೆ ಈಗಿನ ರೂಪ ಬಂತು. ಉಬ್ಬರದಲ್ಲಿ ಇಡೀ ದೇವಾಲಯ ತೇಲುವಂತೆ ಕಾಣುತ್ತದೆ. ಓಡಾಡುವ ಮೊಗಸಾಲೆಯ ನೆಲಕ್ಕೆ ಮರದ ಹಲಗೆ ಹಾಸಿದ್ದಾರೆ, ಹಲಗೆಗಳ ನಡುವೆ ಬೇಕೆಂದೇ ಸಂದು ಬಿಟ್ಟಿದ್ದಾರೆ. ನೀರು ಜೋರಾಗಿ ಏರಿದಾಗ ಆ ಸಂದುಗಳಿಂದ ಮೇಲೆ ಚಿಮ್ಮುತ್ತದೆ. ನೆಲವನ್ನು ಎತ್ತಿ ಬಿಸಾಡುವುದಿಲ್ಲ. ಕಡಲಲ್ಲಿ ನಿಂತಿರುವ ದೊಡ್ಡ ಹೆಬ್ಬಾಗಿಲು 1875ರದ್ದು, ಸುಮಾರು 16 ಮೀಟರ್ ಎತ್ತರ. ಅದರ ಕಾಲುಗಳನ್ನು ನೆಲದಲ್ಲಿ ಆಳಕ್ಕೆ ಹೂತಿಲ್ಲ. ತನ್ನ ಭಾರದಿಂದಲೇ ನಿಂತಿದೆ. ಕಂಬದ ಬುಡ ಕೊಳೆತರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಕೂಡಿಸುತ್ತಾರೆ.

ಹಾಗೆಂದು ಅಲ್ಲಿ ನಷ್ಟವೇ ಆಗುವುದಿಲ್ಲ ಎಂದಲ್ಲ. 1991 ಮತ್ತು 2004ರ ಚಂಡಮಾರುತಗಳಲ್ಲಿ ಕೆಲವು ಭಾಗಗಳು ಮುರಿದುಬಿದ್ದವು. ಮತ್ತೆ ಕಟ್ಟಿದರು. ಅಲ್ಲಿಯ ಲೆಕ್ಕ ಇದು: ಹೊರಗಿನದು ಮುರಿಯಲಿ, ಒಳಗಿನದು ಉಳಿಯಲಿ. ಮುರಿದದ್ದನ್ನು ಜೋಡಿಸುವ ಬಡಗಿಗಳು ಇರಲಿ. ನಮ್ಮಲ್ಲಿ ಮೊದಲು ಕಳೆದುಕೊಂಡಿರುವುದು ಆ ಬಡಗಿಗಳನ್ನು. ಹಳೇ ಗಾರೆ ಅರೆದು, ಕಲಸಿ ಕೊಡುವ ಒಬ್ಬ ಗಾರೆ ಕೆಲಸದವರನ್ನು ಕೋಲಾರದಲ್ಲಿ ಹುಡುಕಿ ನೋಡಿ, ಗೊತ್ತಾಗುತ್ತದೆ.

ವೆನಿಸ್ ಬೇರೆ ದಾರಿ ಹಿಡಿಯಿತು, ದುಡ್ಡಿನ ದಾರಿ. 2019ರ ನವೆಂಬರ್ 12ರಂದು ಅಲ್ಲಿ ಉಬ್ಬರ 187 ಸೆಂಟಿಮೀಟರ್‌ಗೆ ಏರಿ ಸೇಂಟ್ ಮಾರ್ಕ್ಸ್ ಚರ್ಚಿನೊಳಗೆ ನೀರು ನುಗ್ಗಿತು. 1966ರ 194 ಸೆಂಟಿಮೀಟರ್ ಬಿಟ್ಟರೆ ಅದೇ ದಾಖಲೆ. ಮರುವರ್ಷ ಅಕ್ಟೋಬರ್‌ನಲ್ಲಿ ಮೋಸೆ ಎಂಬ ಕಡಲ ಬಾಗಿಲುಗಳು ಮೊದಲ ಸಲ ಎದ್ದು ನಿಂತವು. ಒಟ್ಟು 78 ಬಾಗಿಲು. ಆದರೆ ಒಂದು ತಮಾಷೆ. ಬಾಗಿಲು ಮುಚ್ಚುವುದು ಸುಮಾರು 110 ಸೆಂಟಿಮೀಟರ್ ಉಬ್ಬರ ಬರುತ್ತದೆ ಎಂದಾಗ. ಚರ್ಚ್ ಇರುವುದೋ ಊರಿನ ತೀರಾ ತಗ್ಗಿನ ಜಾಗದಲ್ಲಿ, ಅದಕ್ಕಿಂತ ಎಷ್ಟೋ ಕಡಿಮೆ ಉಬ್ಬರಕ್ಕೇ ಅಲ್ಲಿ ನೀರು ಬರುತ್ತದೆ. ಅಂದರೆ ಕೋಟಿಗಟ್ಟಲೆ ಯೂರೋ ಸುರಿದು ಊರು ಉಳಿಸಿದರೂ ಚರ್ಚಿನ ಕಾಲು ಒದ್ದೆಯೇ. ಕೊನೆಗೆ 2022ರಲ್ಲಿ ಚರ್ಚಿನ ಸುತ್ತ ಗಾಜಿನ ತಡೆಗೋಡೆ ಹಾಕಿದರು. ಕೆಲಸ ಮಾಡುತ್ತಿದೆ. ಅಲ್ಲಿರುವುದು ಹಿನ್ನೀರಿನಂಥ ಶಾಂತ ನೀರು, ಕೆಲವು ಗಂಟೆ ಬಂದು ಹೋಗುತ್ತದೆ. ಅದೇ ಗಾಜನ್ನು ಜುಲೈ ತಿಂಗಳ ಅರಬ್ಬಿ ಸಮುದ್ರದ ಮುಂದೆ ಇಟ್ಟರೆ ಒಂದು ವಾರವೂ ನಿಲ್ಲದು.

ಜಾವಾ ದ್ವೀಪದ ಕಥೆ ಮಾತ್ರ ಕೋಲಾರದವರು ಕಿವಿಗೊಟ್ಟು ಕೇಳಬೇಕಾದದ್ದು. ಜಕಾರ್ತಾದ ಉತ್ತರ ಭಾಗದಲ್ಲಿ 1970ರ ದಶಕದಿಂದ ಈಚೆಗೆ ನೆಲ ಕೆಲವು ಕಡೆ 4 ಮೀಟರ್‌ವರೆಗೂ ಕುಸಿದಿದೆ. ಮುಖ್ಯ ಕಾರಣ ಬೋರ್‌ವೆಲ್. ಅಲ್ಲಿರುವುದು ನದಿ ತಂದ ಮೆತ್ತನೆ ಜೇಡಿ. ಒಳಗಿನ ನೀರು ಹೀರಿದರೆ ಜೇಡಿ ಅದುಮಿಕೊಂಡು ಊರೇ ಕೆಳಗಿಳಿಯುತ್ತದೆ. ಮುವಾರಾ ಬಾರು ಎಂಬಲ್ಲಿ ವಲದುನಾ ಎನ್ನುವ ಮಸೀದಿ ಕಡಲ ಗೋಡೆಯ ಹೊರಗೆ ಉಳಿದುಹೋಯಿತು. ನಮಾಜು ನಡೆಯುತ್ತಿದ್ದ ಕಡೆ ಈಗ ನೀರು. ನಾವೂ 1,500 ಅಡಿ ಕೊರೆದವರೇ. ನಮ್ಮ ಕೆಳಗೆ ಗಟ್ಟಿ ಬಂಡೆ ಇರುವುದರಿಂದ ನೆಲ ಕುಸಿಯಲಿಲ್ಲ, ಸುಮ್ನೆ ಬತ್ತಿತು. ಅದೃಷ್ಟ ಬಂಡೆಯದ್ದು, ಬುದ್ಧಿ ನಮ್ಮದಲ್ಲ.

ಅದೇ ಜಾವಾದ ದೆಮಾಕ್ ಜಿಲ್ಲೆಯಲ್ಲಿ ಸೀಗಡಿ ಕೊಳಗಳಿಗಾಗಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದರು. ನೆಲ ಕುಸಿಯಿತು, ಕಡಲು ಒಳಗೆ ಬಂತು. ತಿಂಬುಲ್‌ಸ್ಲೋಕೊ ಎಂಬ ಹಳ್ಳಿಯಲ್ಲಿ ಜನ ಮನೆಗಳ ನೆಲವನ್ನು ಮತ್ತೆ ಮತ್ತೆ ಎತ್ತರಿಸಿಕೊಳ್ಳುತ್ತಾರೆ. ಒಂದು ಹಂತದಲ್ಲಿ ತಲೆ ಸೂರಿಗೆ ತಾಗುತ್ತದೆ. ಆ ಜಿಲ್ಲೆಯಲ್ಲಿ ಗಟ್ಟಿ ಗೋಡೆಯ ಬದಲು ಬಿದಿರು ಮತ್ತು ಸೌದೆ ಕಟ್ಟುಗಳ ಬೇಲಿ ಹಾಕಿ ನೋಡಿದರು. ಅದರ ಸಂದಿಯಿಂದ ನೀರು ಹಾದು ಹೋಗುತ್ತದೆ, ಅಲೆಯ ಜೋರು ಇಳಿಯುತ್ತದೆ, ಹಿಂದೆ ಕೆಸರು ನಿಲ್ಲುತ್ತದೆ. ಕೆಸರಿನಲ್ಲಿ ಕಾಂಡ್ಲಾ ಮತ್ತೆ ಹುಟ್ಟುತ್ತದೆ. ಕೆಲವು ಕಡೆ ಫಲ ಸಿಕ್ಕಿತು. ನೆಲ ವೇಗವಾಗಿ ಕುಸಿಯುತ್ತಿದ್ದ ಕಡೆ ಬೇಲಿಯೂ ಸೋತಿತು. ಕೆಳಗಿನಿಂದ ನೀರು ಎಳೆಯುವುದನ್ನು ನಿಲ್ಲಿಸದೆ ಮೇಲೆ ಏನು ಕಟ್ಟಿದರೂ ಅಷ್ಟೇ.

ಕೊನೆಯ ದಾರಿ, ದೇವರನ್ನೇ ಕರೆದುಕೊಂಡು ಹೊರಡುವುದು. ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಸಾತಭಾಯಾ ಒಂದು ಕಾಲಕ್ಕೆ ಏಳು ಹಳ್ಳಿಗಳ ಗುಂಪು. ಕಡಲು ಅವನ್ನು ಒಂದೊಂದಾಗಿ ನುಂಗಿತು. ಅಲ್ಲಿದ್ದ ಪಂಚುಬರಾಹಿ ದೇವಿಯ ಗುಡಿಯಲ್ಲಿ ಐದು ಕಪ್ಪು ಕಲ್ಲಿನ ಮೂರ್ತಿಗಳು. ಪೂಜೆ ಮಾಡುವವರು ದಲಿತ ಹೆಂಗಸರು. ಗಂಡಸರು ಮೂರ್ತಿ ಮುಟ್ಟುವಂತಿರಲಿಲ್ಲ, ನಾನೂರು ವರ್ಷದ ಕಟ್ಟಳೆ ಎನ್ನುತ್ತಾರೆ. 2018ರ ಏಪ್ರಿಲ್‌ನಲ್ಲಿ, ಕಡಲು ಗುಡಿಯ ಹತ್ತಿರಕ್ಕೇ ಬಂದಾಗ, ಮೂರ್ತಿಗಳನ್ನು ಸುಮಾರು 12 ಕಿಲೋಮೀಟರ್ ದೂರದ ಬಾಗಪಟಿಯಾಕ್ಕೆ ಒಯ್ದರು. ಒಂದೊಂದು ಮೂರ್ತಿಯೂ ಟನ್ ಮೀರಿದ ಭಾರ. ಹೆಂಗಸರ ಕೈಯಲ್ಲಷ್ಟೇ ಆಗುವ ಕೆಲಸವಲ್ಲ. ಆ ಒಂದು ದಿನಕ್ಕೆ ಗಂಡಸರು ಕೈ ಹಾಕಲು ಒಪ್ಪಿಗೆ ಸಿಕ್ಕಿತು. ಆಮೇಲೆ ಪೂಜೆ ಮತ್ತೆ ಹೆಂಗಸರದ್ದೇ. ಕಟ್ಟಳೆಯನ್ನು ಎಷ್ಟು ಬಗ್ಗಿಸಬೇಕೋ ಅಷ್ಟೇ ಬಗ್ಗಿಸಿದರು, ಮುರಿಯಲಿಲ್ಲ. ಊರಿನ ಜನ ಬಾಗಪಟಿಯಾದ ಕಾಲೊನಿಗೇ ಹೋಗುತ್ತಿದ್ದರು, ದೇವಿಯೂ ಜನರ ಹಿಂದೆ ಹೋದಳು. ಇದೇ ಅದರ ಜೀವಾಳ ಎಂದು ನನಗನಿಸುತ್ತದೆ. ಜನರನ್ನು ಒಂದು ಕಡೆ ಕಳಿಸಿ ದೇವರನ್ನು ಇನ್ನೊಂದು ಕಡೆ ಇಟ್ಟರೆ ಉಳಿಯುವುದು ಮ್ಯೂಸಿಯಂ.

ದೇವರು ಕದಲಬಾರದು ಎನ್ನುವವರಿಗೆ ನಮ್ಮ ಶಾಸ್ತ್ರವೇ ಉತ್ತರ ಕೊಡುತ್ತದೆ. ಜೀರ್ಣೋದ್ಧಾರದ ಹೊತ್ತಿನಲ್ಲಿ ಬಾಲಾಲಯ ಮಾಡುವುದನ್ನು ನಮ್ಮ ಜಿಲ್ಲೆಯ ಎಲ್ಲ ಊರಿನವರೂ ನೋಡಿದ್ದಾರೆ. ಕಲಾಕರ್ಷಣೆ ಮಾಡಿ ದೇವರ ಶಕ್ತಿಯನ್ನು ಕಲಶಕ್ಕೋ ಸಣ್ಣ ಬಿಂಬಕ್ಕೋ ತರುತ್ತಾರೆ, ಕೆಲಸ ಮುಗಿಯುವ ತನಕ ಅಲ್ಲೇ ಪೂಜೆ. ಮೂರ್ತಿಯನ್ನು ಪೀಠಕ್ಕೆ ಕೂರಿಸುವ ಅಷ್ಟಬಂಧವನ್ನೂ 12 ವರ್ಷಕ್ಕೊಮ್ಮೆ ಹೊಸದಾಗಿ ಮಾಡುವ ಪದ್ಧತಿಯಿದೆ. ಅಂದರೆ ಕಟ್ಟಡ ಸವೆಯುತ್ತದೆ, ಆಗಾಗ ಎದ್ದು ಕೂರಬೇಕಾಗುತ್ತದೆ ಎಂಬುದು ಹಿರಿಯರಿಗೆ ಗೊತ್ತಿತ್ತು. ಆದರೆ ಇದು ಎಲ್ಲಕ್ಕೂ ಒಪ್ಪುವುದಿಲ್ಲ. ಬಂಡೆಯಲ್ಲೇ ಮೂಡಿದ ಲಿಂಗವನ್ನು ಎಲ್ಲಿಗೆ ಒಯ್ಯುವುದು? ದರ್ಗಾದಲ್ಲಿರುವ ಸಮಾಧಿಯನ್ನು? ಕೆಲವು ಕಡೆ ಜಾಗವೇ ದೇವರು.

ಅಣೆಕಟ್ಟುಗಳ ಕಾರಣ ಕರ್ನಾಟಕ ಈ ಪ್ರಶ್ನೆಯನ್ನು ಆಗಲೇ ಎದುರಿಸಿದೆ, ಮೂರು ಬೇರೆ ಉತ್ತರಗಳನ್ನೂ ಕೊಟ್ಟಿದೆ. ಕೃಷ್ಣರಾಜಸಾಗರದಲ್ಲಿ ಮುಳುಗಿದ ಹೊಯ್ಸಳರ ವೇಣುಗೋಪಾಲಸ್ವಾಮಿ ಗುಡಿಯನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಜೋಡಿಸಿದರು. ಅಲ್ಲಿ ಕಲ್ಲು ಉಳಿಯಿತು, ಜಾಗ ಹೋಯಿತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಕದಲಿಸುವ ಮಾತೇ ಇರಲಿಲ್ಲ. ಹಿನ್ನೀರಿನ ನಡುವೆ ಬಾವಿಯಂತೆ ದುಂಡು ಗೋಡೆ ಎಬ್ಬಿಸಿದರು, ಜನ ಮೆಟ್ಟಿಲಿಳಿದು ಹೋಗುತ್ತಾರೆ. ಹಾಸನದ ಶೆಟ್ಟಿಹಳ್ಳಿಯ ಚರ್ಚನ್ನು ಹೇಮಾವತಿಯ ಹಿನ್ನೀರಿಗೆ ಬಿಟ್ಟುಬಿಟ್ಟರು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ಕಾಣುತ್ತದೆ, ಸ್ವಲ್ಪ ಸ್ವಲ್ಪವೇ ಕುಸಿಯುತ್ತಿದೆ. ಅಲ್ಲಿಗೆ ಫೋಟೋ ತೆಗೆಯಲು ಹೋಗುವವರೇ ಜಾಸ್ತಿ.

ಜಾಗ ಉಳಿಸುವುದೋ, ಕಲ್ಲು ಉಳಿಸುವುದೋ, ಪೂಜೆ ಉಳಿಸುವುದೋ? ಮೂರನ್ನೂ ಉಳಿಸಲಾಗದ ದಿನ ಯಾವುದನ್ನು ಮೊದಲು ಬಿಡುತ್ತೀರಿ? ಕಡಲ ತಡಿಯ ಪ್ರತಿ ಗುಡಿ, ಮಸೀದಿ, ಚರ್ಚಿನವರು ಇದನ್ನು ಬೇಸಿಗೆಯಲ್ಲೇ ಕೂತು ಮಾತಾಡಿಕೊಳ್ಳಬೇಕು. ನಡೆಯುತ್ತಿರುವುದು ಬೇರೆ. ಜೂನ್‌ನಲ್ಲಿ ಅಲೆ ಎದ್ದಾಗ ಓಡಾಟ, ಟಿಪ್ಪರ್‌ನಲ್ಲಿ ಕಲ್ಲು, ಬಿಲ್ಲು. ಮಳೆಗಾಲದಲ್ಲಿ ಹಾಕಿದ ಕಲ್ಲಿನ ನಿಜವಾದ ಲೆಕ್ಕ ಕಡಲಿಗೇ ಗೊತ್ತು. ಕಾನೂನಿನದ್ದೂ ತೊಡಕಿದೆ. ಕೇಂದ್ರದ ರಕ್ಷಿತ ಸ್ಮಾರಕವಾದರೆ 100 ಮೀಟರ್ ಒಳಗೆ ಹೊಸದೇನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಮೇಲೆ ಕರಾವಳಿ ನಿಯಂತ್ರಣ ವಲಯದ ನಿಯಮ. ಆದರೆ ಅಂಥ ಗುಡಿಗೆ ಎಂಜಿನಿಯರ್ ಆದರೂ ಬರುತ್ತಾರೆ. ಮುಜರಾಯಿಯ ಸಿ ದರ್ಜೆಯ ಗುಡಿಗಳ ವರ್ಷದ ಆದಾಯ 5 ಲಕ್ಷ ರೂಪಾಯಿಗಿಂತ ಕಡಿಮೆ. ರಾಜ್ಯದ ಮುಜರಾಯಿ ಗುಡಿಗಳಲ್ಲಿ ಬಹುಪಾಲು ಇವೇ. ಮೀನುಗಾರ ಮೊಗವೀರರ ಭಜನಾ ಮಂದಿರಕ್ಕೆ ಆ ದರ್ಜೆಯೂ ಇಲ್ಲ.

ಇಷ್ಟೆಲ್ಲ ಕೋಲಾರದವನಿಗೆ ಯಾಕೆ? ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಇರುವ ಸಂಬಂಧ ಈಗ ಪೈಪಿನಲ್ಲಿ ಹರಿಯುತ್ತಿದೆ. 2018ರಿಂದ ನಮ್ಮ ಕೆರೆಗಳಿಗೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬರುತ್ತಿದೆ. ಇನ್ನೊಂದು ಕಡೆ ಎತ್ತಿನಹೊಳೆ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಅದರ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಮಳೆಗಾಲದಲ್ಲಿ ಘಟ್ಟದ ಹಳ್ಳಗಳಿಂದ 24 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಜಿಲ್ಲೆಗಳಿಗೆ ತಿರುಗಿಸುವ ಯೋಜನೆ ಅದು. ಆ ಹಳ್ಳಗಳ ನೀರು ಕುಮಾರಧಾರಾ ಸೇರಿ, ನೇತ್ರಾವತಿ ಸೇರಿ, ಅದೇ ಉಳ್ಳಾಲದ ಅಳಿವೆಯಲ್ಲಿ ಕಡಲಿಗೆ ಇಳಿಯುತ್ತದೆ. ನದಿ ಮರಳು ಹೊರುವುದೂ ಮಳೆಗಾಲದಲ್ಲೇ.

ಉಳ್ಳಾಲದ ಕೊರೆತಕ್ಕೆ ಎತ್ತಿನಹೊಳೆಯೇ ಕಾರಣ ಎಂದರೆ ಸುಳ್ಳಾಗುತ್ತದೆ. ಆ ದಂಡೆ ಸವೆಯಲು ಶುರುವಾದದ್ದು ಯೋಜನೆಗೆ ಎಷ್ಟೋ ಮೊದಲು. ಅಳಿವೆಯ ಗೋಡೆಗಳಿವೆ, ನದಿಯ ಮರಳುಗಾರಿಕೆ ಇದೆ, ತುಂಬೆಯ ಕಿಂಡಿ ಅಣೆಕಟ್ಟು ಇದೆ. ಆದರೆ ದಂಡೆಯ ಮರಳಿನ ಅಸಲಿನಿಂದ ಇನ್ನೊಂದು ಪಾಲು ನಾವು ಕೇಳುತ್ತಿದ್ದೇವೆ ಎಂಬುದು ನಿಜ. ಕರಾವಳಿಯವರು ಅದನ್ನು ಹೇಳಿದಾಗ ನಮ್ಮ ಕಡೆ ಸಿಟ್ಟು ಬರುತ್ತದೆ. ನೀರಿಲ್ಲದೆ ಮೂರು ತಲೆಮಾರು ಬದುಕಿದ ಜಿಲ್ಲೆಗೆ ಆ ಸಿಟ್ಟು ಸಹಜವೇ. ಆದರೂ ಎಷ್ಟು ನೀರಿಗೆ ಎಷ್ಟು ಮರಳು ಕಡಿಮೆಯಾಗುತ್ತದೆ ಎಂದು ಅಳೆದು, ಕಡಿಮೆಯಾದಷ್ಟನ್ನು ದಂಡೆಗೆ ಹಾಕಿಕೊಡುವ ಖರ್ಚನ್ನು ಯೋಜನೆಯ ಲೆಕ್ಕದಲ್ಲೇ ಸೇರಿಸಿ ಎಂದು ಕೇಳಬೇಕಾದವರು ನಾವೇ. ನೀರು ಕುಡಿಯುವವರು.

ನಮ್ಮ ಗಂಗಮ್ಮನ ಗುಡಿಯ ವಿಷಯಕ್ಕೆ ಬಂದರೆ, ಕಳೆದ ಬೇಸಿಗೆಯಲ್ಲಿ ಗೋಡೆಯ ಇಳಿಜಾರಿನ ಮೂಲೆಯಲ್ಲಿ ಎರಡಡಿ ಅಗಲಕ್ಕೆ ಒಡೆಸಿದೆವು. ಸಿಮೆಂಟ್ ಕೆರೆಸಿ, ಸುಣ್ಣ-ಮರಳಿನ ಗಾರೆ ಹಾಕಿಸಲು ಆಂಧ್ರದ ಕಡೆಯಿಂದ ಒಬ್ಬರು ಬಂದಿದ್ದರು. ಅರ್ಧ ಆಗಿದೆ. ನೀರುಗಂಟಿ ತಾತ ಬಂದು ಒಡೆದ ಮೂಲೆ ನೋಡಿ, "ಇನ್ನೊಂದಡಿ ತೆಗೀರಿ" ಎಂದರು. ಕೋಡಿ ಕಾಲುವೆಯ ಒತ್ತುವರಿ ಇನ್ನೂ ತೆರವಾಗಿಲ್ಲ. ಈ ಸಲವೂ ಅಲ್ಲಿ ಟೊಮೆಟೊ ಹಾಕಿದ್ದಾರೆ. ಮಂಡಿಯಲ್ಲಿ ರೇಟು ಚೆನ್ನಾಗಿದೆಯಂತೆ.